ಡ್ರೋನಿನ ಕಣ್ಣಿಗೆ ಬಳಿದ ಕುಂಕುಮ

ನನ್ನ ಬೀಗತಿಯನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುವುದಿಲ್ಲ. ಅವಳಿಗೂ ನನ್ನನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಯಲ್ಲಿ ನಾವಿಬ್ಬರೂ ಅಪ್ಪಿಕೊಂಡು ಅಳುತ್ತೇವೆ ಎಂದು ಯಾರೂ ಕಾಯುವುದು ಬೇಡ.

ಅವಳದು ಉಡುಪಿ ಕಡೆ. ಠಾಣೆಯ ನೌಪಾಡಾದಲ್ಲಿ ಹೋಟೆಲು, ಹೋಟೆಲಿನ ಮೇಲೆ ಮನೆ. ನಮ್ಮದು ವಿಜಯಪುರ ಕಡೆ. ತುರ್ಭೆಯಲ್ಲಿ ಗುಡ್ಡಕ್ಕೆ ಬೆನ್ನು ಹಚ್ಚಿಕೊಂಡಿರುವ ಒಂದು ಖೋಲಿಯ ಮನೆ. ಗಂಡ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತ, ನಾನು ಕಟ್ಟಡಗಳ ಮೇಲೆ ಇಟ್ಟಂಗಿ ಹೊತ್ತೆ. ಅವನು ಸತ್ತು ಬಹಳ ವರ್ಷವಾಯಿತು. ಮಗಳು ಅಳಿಯ ಇಬ್ಬರೂ ಶಹಾಡ್ ಕಡೆ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುವವರು. ಹೀಗಾಗಿ ಅವರ ಮಗಳನ್ನು ನಾನೇ ಸಾಕಿದೆ. ಅವಳು ನನ್ನನ್ನು ಆಯಿ ಎನ್ನುತ್ತಾಳೆ. ಆ ಮೊಮ್ಮಗಳು ಡ್ರೋನ್ ಹಾರಿಸುತ್ತಾಳೆ.

ಡ್ರೋನ್ ನನಗೆ ಸೇರುವುದಿಲ್ಲ. ಸಾವಿರ ಸೊಳ್ಳೆ ಒಂದೇ ಸಲ ಕಿವಿಯ ಹತ್ತಿರ ಬಂದಂತೆ ಸದ್ದು. ಆದರೆ ಹುಡುಗಿ ಅದನ್ನು ಸುಮ್ಮನೆ ಹಿಡಿದುಕೊಂಡು ಬಂದವಳಲ್ಲ. ಮದುವೆ ವಿಡಿಯೋ ತೆಗೆಯುವವನ ಹಿಂದೆ ಲೈಟು ಹೊತ್ತು ತಿರುಗಿದಳು, ಕಲಿತಳು, ಪರೀಕ್ಷೆ ಕೊಟ್ಟು ಲೈಸೆನ್ಸ್ ತಗೊಂಡಳು. ಹಾಗೆ ಒಂದು ಮದುವೆಗೆ ಹೋದಾಗ ಅಲ್ಲಿ ಊಟದ ಕೆಲಸ ವಹಿಸಿಕೊಂಡಿದ್ದ ಹೋಟೆಲಿನವರ ಒಬ್ಬನೇ ಮಗ ಇವಳನ್ನು ನೋಡಿದ, ಇವಳು ಅವನನ್ನು ನೋಡಿದಳು. ಮುಂದಿನದು ಹೇಳುವುದೇ ಬೇಡ. ಅವನ ತಾಯಿಯೇ ಈ ಬೀಗತಿ.

ಮಾತು ಮುಗಿಸಲು ನೌಪಾಡಾಕ್ಕೆ ಹೋದ ದಿನ ಬೀಗತಿ ಕಾಫಿ ಕೊಟ್ಟು, ಹುಡುಗಿಯ ಮಡಿಲಲ್ಲಿದ್ದ ಡ್ರೋನಿನ ಚೀಲ ತೋರಿಸಿ ಕೇಳಿದಳು.

"ಮದುವೆ ಆದ ಮೇಲೂ ಇದನ್ನು ಹಿಡ್ಕೊಂಡು ಗುಡ್ಡೆ ಗುಡ್ಡೆ ತಿರುಗ್ಲಿಕ್ಕುಂಟಾ?"

"ಹೌದು ಆಂಟಿ," ಎಂದಳು ಮೊಮ್ಮಗಳು.

"ನಮ್ಮ ಮನೆಯ ಹೆಂಗಸರು ಗಲ್ಲೆಯಲ್ಲಿ ಕೂತ್ಕೊಂಡು ದುಡ್ಡು ತಗೊಳ್ಳುವವರು. ನನ್ನ ಅತ್ತೆ ಕೂತ್ಕೊಂಡಿದ್ರು, ನಾನು ಕೂತ್ಕೊಂಡೆ."

"ಕುಂತು ಕುಂತು ನಿಮಗ ಸೊಂಟ ಹಿಡದಿಲ್ಲೇನ್ರಿ?" ಎಂದೆ.

"ನಮಗೆ ಇಟ್ಟಿಗೆ ಹೊತ್ತು ಅಭ್ಯಾಸ ಇಲ್ಲ ನೋಡಿ, ಕೂತ್ಕೊಂಡೇ ಸಾಕಾಗ್ತದೆ," ಎಂದಳು. ಎಲ್ಲರೂ ಕಾಫಿ ಕುಡಿದೆವು.

ಆಮೇಲೆ ಅವಳೇ ಒಂದು ಷರತ್ತು ಹಾಕಿದಳು. ಕಲ್ಯಾಣದಿಂದ ಆಚೆ, ಮಲಂಗ್ ಗುಡ್ಡದ ಸಾಲಿನ ಕೆಳಗೆ ಅವರು ಹೊಸ ಹೋಟೆಲು ಕಟ್ಟಿಸುತ್ತಿದ್ದರು. ದೀಪಾವಳಿ ಕಳೆದ ಮೇಲೆ ತೆರೆಯುವುದಿತ್ತು. ಆ ಹೋಟೆಲು, ಅದರ ಹಿಂದಿನ ಗುಡ್ಡ, ರಸ್ತೆ, ಎಲ್ಲವನ್ನೂ ಮೇಲಿನಿಂದ ಹಿಡಿದು ಒಂದು ವಿಡಿಯೋ ಮಾಡಿಕೊಡಬೇಕು.

"ಚಂದ ಬಂದ್ರೆ ಮದುವೆ ಆದ ಮೇಲೂ ಹಾರಿಸ್ಲಿ, ನಾನು ಅಡ್ಡ ಬರುವುದಿಲ್ಲ. ಬೀಳಿಸಿದ್ಲು ಅಂದ್ರೆ ಚೀಲ ಅಟ್ಟಕ್ಕೆ, ಹುಡುಗಿ ಗಲ್ಲೆಗೆ."

ಹುಡುಗ ಅಲ್ಲೇ ಕುಳಿತಿದ್ದ. ಫೋನ್ ನೋಡುತ್ತಿದ್ದ. ಹುಡುಗಿ "ಆಯ್ತು ಆಂಟಿ" ಎಂದಳು. ಬರುವಾಗ ರೈಲಿನಲ್ಲಿ ನಾನು ಬೈದೆ.

"ಗಂಡಸು ಇಲ್ಲೇನು ಬ್ಯಾರೆ ಈ ಊರಾಗ?"

"ಆಯಿ, ನಂಗ ಅವನೂ ಬೇಕು, ಇದೂ ಬೇಕು," ಎಂದು ಮಡಿಲಲ್ಲಿದ್ದ ಚೀಲವನ್ನು ತಟ್ಟಿದಳು.

ದಸರೆಗೆ ಮೊದಲು ಒಂದು ದಿನ ಅವಳು ಆ ಗುಡ್ಡ ನೋಡಿ ಬರಲು ಹೊರಟಳು. ಒಬ್ಬಳೇ ಹೋಗುವುದು ಬೇಡವೆಂದು ನಾನೂ ಹೋದೆ. ಕಲ್ಯಾಣದಲ್ಲಿ ಇಳಿದು ಶೇರ್ ರಿಕ್ಷಾ ಹಿಡಿದು, ಕೊನೆಗೆ ಕಾಲ್ನಡಿಗೆ. ನನ್ನ ಮೊಣಕಾಲು ಉದ್ದಕ್ಕೂ ಅವಳನ್ನು ಬೈಯಿತು, ಅದರ ಜೊತೆಗೆ ನಾನೂ ಬೈದೆ. ನಮ್ಮ ಮನೆಯ ಹಿಂದೆಯೇ ಗುಡ್ಡ ಇರುವಾಗ ಇಷ್ಟು ದೂರ ಬಂದು ಕಲಿಯುವುದೇನು ಎಂದು ಕೇಳಿದೆ. ಫೋನಿನಲ್ಲಿ ನಕ್ಷೆ ತೋರಿಸಿದಳು. ತುರ್ಭೆಯ ಕಡೆ ಎಲ್ಲ ಕೆಂಪು, ವಿಮಾನ ನಿಲ್ದಾಣ ಹತ್ತಿರ ಬಂತಲ್ಲ, ಅಲ್ಲಿ ಹಾರಿಸಿದರೆ ಪೊಲೀಸರು ಬರುತ್ತಾರೆ. ಇಲ್ಲಿ ಹಸಿರು.

ಹೋಟೆಲು ಅರ್ಧ ಮುಗಿದಿತ್ತು. ಅದರ ಹಿಂದೆ ದೊಡ್ಡ ಗುಡ್ಡ. ದೊಡ್ಡ ಗುಡ್ಡದಿಂದ ಒಂದು ಬಂಡೆ ಮೂಗಿನ ಹಾಗೆ ಮುಂದೆ ಚಾಚಿಕೊಂಡಿತ್ತು. ಮೂಗಿನ ಆಚೆಗೆ ಏನಿದೆ ಎಂದು ಇಲ್ಲಿಂದ ಕಾಣುವುದಿಲ್ಲ. ಹುಡುಗಿ ಅದನ್ನೇ ಬಹಳ ಹೊತ್ತು ನೋಡಿದಳು. ಡ್ರೋನನ್ನು ಚೀಲದಿಂದ ತೆಗೆಯಲೇ ಇಲ್ಲ.

"ಹಾರ್ಸಂಗಿಲ್ಲೇನು?"

"ಇವತ್ತ ಬರೇ ನೋಡೂದು."

"ನೋಡಾಕ ಇಷ್ಟು ದೂರ ಹೊತ್ತುಕೊಂಡ ಬಂದಿ?"

ಅವಳು ನಗಲಿಲ್ಲ. ಕಲ್ಲಿನ ಮೇಲೆ ಕುಳಿತು ಹೇಳಿದಳು. ಬೆಳಿಗ್ಗೆ ಕಲ್ಲು ತಣ್ಣಗಿರುತ್ತದೆ, ಗಾಳಿ ಸುಮ್ಮನಿರುತ್ತದೆ. ಬಿಸಿಲೇರಿ ಬಂಡೆ ಕಾದ ಮೇಲೆ ಗಾಳಿ ಗುಡ್ಡ ಹತ್ತುತ್ತದೆ, ಮೂಗನ್ನು ದಾಟಿದ ಕೂಡಲೇ ಆ ಬದಿಗೆ ಧುಮುಕುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಡ್ರೋನನ್ನು ಕೆಳಗೆ ತಳ್ಳುತ್ತದೆ. ಗಾಳಿಯ ಜೊತೆ ಹೋಗುವಾಗ ಹಗುರ, ಎದುರಿಗೆ ವಾಪಸ್ ಬರುವಾಗ ಬ್ಯಾಟರಿ ಕುಡಿದುಬಿಡುತ್ತದೆ. ಬಂಡೆ ಅಡ್ಡ ಬಂದರೆ ಸಿಗ್ನಲ್ ಹೋಗುತ್ತದೆ.

"ಸಿಗ್ನಲ್ ಹೋದ್ರ?"

"ತಾನ ವಾಪಸ್ ಬರ್ತದ ಆಯಿ. ಆದ್ರ ಎಷ್ಟು ಎತ್ತರಕ್ಕೇರಿ ಬರ್ಬೇಕು ಅಂತ ನಾ ಮೊದಲ ಹೇಳಿಟ್ಟಿರ್ಬೇಕು. ಬಿಲ್ಡಿಂಗಿನ ಎತ್ತರ ಹೇಳಿಟ್ಟು ಗುಡ್ಡಕ್ಕ ತಂದ್ರ ಸೀದಾ ಬಂಡೆಗೆ ಹೋಗಿ ಬಡೀತದ. ಅದಕ್ಕ ಈ ಮೂಗಿನ ಎತ್ತರ ನೋಡಾಕ ಬಂದೀನಿ."

"ಅಷ್ಟು ಪೆದ್ದ ಐತೇನು ಅದು?"

"ಹೇಳಿದಷ್ಟ ಮಾಡ್ತದ. ಅವನ ಗತೆ," ಎಂದಳು. ಅವನೆಂದರೆ ಹೋಟೆಲಿನ ಹುಡುಗ. ಆಗ ಇಬ್ಬರೂ ನಕ್ಕೆವು. ಆ ಇಡೀ ವ್ಯವಹಾರದಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಡ್ರೋನಿನ ಮೈಮೇಲೆ ಅಲ್ಲಲ್ಲಿ ಸಣ್ಣ ಕರಿ ಮಣಿಗಳಂಥವು ಇರುತ್ತವೆ. ಮುಂದೆ, ಹಿಂದೆ, ಕೆಳಗೆ. ಅವು ಅದರ ಕಣ್ಣು. ಕ್ಯಾಮೆರಾ ಬೇರೆ, ಇವು ಬೇರೆ. ಎದುರಿಗೆ ಗೋಡೆಯೋ ಮರವೋ ಬಂದರೆ ಈ ಕಣ್ಣು ನೋಡಿ ತಾನೇ ನಿಲ್ಲುತ್ತದೆ. ಅವಳು ಅವನ್ನು ಮೆತ್ತನೆ ಬಟ್ಟೆಯಿಂದ ಒರೆಸುವುದನ್ನು ನಾನು ದಿನಾ ನೋಡಿದ್ದೇನೆ. ನನ್ನ ಚಷ್ಮಾ ಒಂದು ದಿನವೂ ಒರೆಸಿಕೊಟ್ಟವಳಲ್ಲ.

ಆಯುಧಪೂಜೆಯ ದಿನ ಬೀಗತಿ ಹೇಳಿ ಕಳಿಸಿದಳು, ಡ್ರೋನನ್ನೂ ತನ್ನಿ, ನಮ್ಮ ಮನೆಯ ಸಾಮಾನಿನ ಜೊತೆ ಪೂಜೆ ಆಗಲಿ ಎಂದು. ಹೋದೆವು. ಹೋಟೆಲಿನ ಒಳಗೆ ನೆಲ ತೊಳೆದು ರಂಗೋಲಿ ಹಾಕಿದ್ದರು. ಗ್ರೈಂಡರು, ದೋಸೆ ಕಲ್ಲು, ಸೌಟು, ಗಲ್ಲೆಪೆಟ್ಟಿಗೆ, ಬಾಗಿಲಲ್ಲಿ ಸ್ಕೂಟರು. ಎಲ್ಲದಕ್ಕೂ ಹೂವು, ಗಂಧ, ಕುಂಕುಮ. ಡ್ರೋನಿಗೆ ಬೇರೆಯೇ ಒಂದು ಬಾಳೆಲೆ. ಹುಡುಗಿ ಜಾಣತನ ಮಾಡಿ ಬ್ಯಾಟರಿಗಳನ್ನು ಮೊದಲೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದಳು.

"ಇದಕ್ಕೆ ಕಣ್ಣು ಎಲ್ಲುಂಟು?" ಎಂದು ಬೀಗತಿ ಮಗನನ್ನು ಕೇಳಿದಳು.

ಆ ಪುಣ್ಯಾತ್ಮ ಒಂದೊಂದನ್ನೂ ಬೆರಳಿಟ್ಟು ತೋರಿಸಿದ. ಮುಂದಿನವು, ಹಿಂದಿನವು, ಮಗುಚಿ ಹಾಕಿ ಕೆಳಗಿನವು. ಅವಳು ಒಂದೊಂದಕ್ಕೂ ದಪ್ಪಗೆ ಗಂಧ ಹಚ್ಚಿ ಅದರ ಮೇಲೆ ಕುಂಕುಮ ಇಟ್ಟಳು. ಕ್ಯಾಮೆರಾ ಒಂದನ್ನು ಬಿಟ್ಟಳು, ಫೋಟೋ ಕೆಂಪಗೆ ಬರುತ್ತದೆ ಎಂದು ಮಗ ಹೇಳಿದ್ದಕ್ಕೆ.

"ಆಂಟಿ, ಅಲ್ಲಿ ಬೇಡ, ಅದು ಸೆನ್ಸರ್..." ಎಂದಳು ಮೊಮ್ಮಗಳು.

"ದೃಷ್ಟಿ ತಾಗುವುದು ಎಲ್ಲಿಗೆ ಮಾರಾಯ್ತಿ? ಕಣ್ಣಿಗೆ ತಾನೇ? ಕಣ್ಣಿಗೇ ಹಾಕ್ಬೇಕು."

ಅವರ ಮನೆಯಲ್ಲಿ ಪದ್ಧತಿ ಹೀಗೆ. ಪೂಜೆಗಿಟ್ಟ ಸಾಮಾನನ್ನು ವಿಜಯದಶಮಿಯ ತನಕ ಮುಟ್ಟುವುದಿಲ್ಲ. ದಶಮಿಯ ದಿನ ಒಳ್ಳೆಯ ಹೊತ್ತು ನೋಡಿ ಅದರಿಂದ ಮೊದಲ ಕೆಲಸ ಮಾಡಿಸಬೇಕು. ಆ ಕೆಲಸ ಆಗುವ ತನಕ ಹಾಕಿದ ಗಂಧ ಒರೆಸಬಾರದು. ಗ್ರೈಂಡರಿಗೆ ಇದರಿಂದ ಏನೂ ಆಗುವುದಿಲ್ಲ. ಅದು ಗುಡ್ಡದ ಮೇಲೆ ಹಾರಬೇಕಾಗಿಲ್ಲ.

ಆರತಿ ಆದ ಮೇಲೆ ಬೀಗತಿ ಕುಂಕುಮದ ತಟ್ಟೆ ಹಿಡಿದು ಹೆಂಗಸರ ಮುಂದೆ ಬಂದಳು. ನಾನು ಗಂಡ ಸತ್ತವಳು, ನನಗೆ ಕೊಡುವುದಿಲ್ಲ ಎನ್ನುವುದು ನನಗೂ ಗೊತ್ತು, ನಮ್ಮ ಕಡೆಯೂ ಕೊಡುವುದಿಲ್ಲ. ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ನನ್ನ ಮುಂದೆ ದಾಟುವಾಗ ಅವಳು ತಟ್ಟೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು, ನಾನು ಕೈ ಹಾಕಿ ಕಿತ್ತುಕೊಳ್ಳುತ್ತೇನೆ ಎನ್ನುವ ಹಾಗೆ. ಅದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಮರುದಿನವೇ ವಿಜಯದಶಮಿ, ಡ್ರೋನಿನ ಮೊದಲ ಕೆಲಸ ಹೋಟೆಲಿನ ವಿಡಿಯೋ. ಬೆಳಕು ಹರಿಯುವಾಗಲೇ ಹೋಗೋಣ ಎಂದಳು ಹುಡುಗಿ. ಬೀಗತಿ ಪಂಚಾಂಗ ನೋಡಿ, ಬೆಳಿಗ್ಗೆ ಹೊತ್ತು ಸರಿಯಿಲ್ಲ, ಮಧ್ಯಾಹ್ನವೇ ಒಳ್ಳೆಯದು ಎಂದಳು. ಗಾಳಿಯ ಮಾತು ಹೇಳಿದರೆ, "ಗಾಳಿಗೂ ಪಂಚಾಂಗ ಗೊತ್ತುಂಟು" ಎಂದಳು. ಅವರ ಟೆಂಪೋದಲ್ಲಿ ಎಲ್ಲರೂ ಹೋದೆವು. ಡೊಂಬಿವಲಿ ದಾಟುವ ತನಕ ಬೀಗತಿ ತನ್ನ ಹೊಸ ಹೋಟೆಲಿನ ಅಡುಗೆಮನೆ ಎಷ್ಟು ದೊಡ್ಡದು ಎಂದು ಹೇಳಿದಳು. ಅಲ್ಲಿಂದ ಮುಂದೆ ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡೆ.

ನಾವು ಮುಟ್ಟುವ ಹೊತ್ತಿಗೆ ಬಂಡೆ ಕಾದಿತ್ತು. ಹೋಟೆಲಿಗೆ ಕಟ್ಟಿದ್ದ ನೀಲಿ ತಾಡಪತ್ರಿ ಪಟಪಟ ಬಡಿದುಕೊಳ್ಳುತ್ತಿತ್ತು. ಮೂಗಿನ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಹುಡುಗಿ ಬಯಲು ಜಾಗ ನೋಡಿ ಚಾಪೆಯಂಥದ್ದನ್ನು ಹಾಸಿ ಡ್ರೋನ್ ಇಟ್ಟಳು. ಬ್ಯಾಟರಿ ಹಾಕಿದಳು, ರೆಕ್ಕೆಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ ನೋಡಿದಳು, ವಾಪಸ್ ಬರುವ ಎತ್ತರವನ್ನು ಫೋನಿನಲ್ಲಿ ಮೂಗಿಗಿಂತ ಮೇಲಕ್ಕೆ ಏರಿಸಿದಳು. ಚಾಲೂ ಮಾಡಿದ ಕೂಡಲೇ ಪರದೆಯ ಮೇಲೆ ಹಳದಿ ಅಕ್ಷರ ಬಂತು.

"ಆಂಟಿ, ಇದು ಕುರುಡಾಗಿದೆ. ಒರೆಸಬೇಕು."

"ಮೊದಲ ಕೆಲಸ ಆಗದೆ ಒರೆಸ್ಲಿಕ್ಕಿಲ್ಲ."

"ಒರೆಸದೆ ನಾನು ಹಾರಿಸುವುದಿಲ್ಲ."

"ಒರೆಸಿದ್ರೆ ಈಗ್ಲೇ ಅಟ್ಟಕ್ಕೆ."

"ಹಾಗಾದ್ರೆ ಹಾರಿಸುವುದಿಲ್ಲ ಆಂಟಿ."

"ಹಾರಿಸದಿದ್ರೂ ಅಟ್ಟಕ್ಕೇ. ಹಾರಿಸ್ಲಿಕ್ಕೆ ಗೊತ್ತಿಲ್ಲ ಅಂತ ಆಯ್ತಲ್ಲ."

ಹುಡುಗ "ಅಮ್ಮಾ, ಸ್ವಲ್ಪ..." ಎಂದ. "ನೀನು ಸುಮ್ಮನಿರು" ಎಂದಳು. ಸುಮ್ಮನಾದ. ಆಮೇಲೆ ಹುಡುಗಿಯ ಕಡೆ ತಿರುಗಿ ಹಿಂದಿಯಲ್ಲಿ, "ಏಕ್ ಬಾರ್ ಉಡಾ ದೇ ನಾ ಯಾರ್" ಎಂದ, ಒಂದು ಸಲ ಹಾರಿಸಿಬಿಡು ಎಂದು. ಅವಳು ತಲೆ ಅಲ್ಲಾಡಿಸಿದಳು. ನನಗೆ ಮೂವರ ಮೇಲೂ ಸಿಟ್ಟು ಬಂತು. ಬಿಸಿಲಿನಲ್ಲಿ ನಿಂತು ಒಂದು ಚಿಟಿಕೆ ಗಂಧಕ್ಕೆ ಜಗಳ. ಹುಡುಗಿ ಮಾತ್ರ ಡ್ರೋನ್ ಬಂದ್ ಮಾಡಿ, ರಿಮೋಟನ್ನು ಎದೆಗೆ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತಳು. ಕೆಳಗಿಟ್ಟರೆ ಡ್ರೋನೋ ಹುಡುಗನೋ, ಎರಡರಲ್ಲಿ ಒಂದು ಹೋಯಿತು ಎಂದು ಅವಳಿಗೆ ಗೊತ್ತಿತ್ತು.

ಆಗ ಕೆಲಸದವನೊಬ್ಬ ಬಂದು ಕುಂಬಳಕಾಯಿ ಒಡೆಯುವ ಹೊತ್ತಾಯಿತು ಎಂದ. ಹೊಸ ಕಟ್ಟಡಕ್ಕೆ ದೃಷ್ಟಿ ತೆಗೆಯಬೇಕಲ್ಲ. ಬೀಗತಿ "ಬಾ, ನೀನೂ ಬಾ, ನೋಡಿ ಕಲಿ" ಎಂದು ಹುಡುಗಿಯ ಕೈ ಹಿಡಿದುಕೊಂಡು ಕಟ್ಟಡದ ಮುಂದಕ್ಕೆ ಹೋದಳು. ಮಗನೂ ಹಿಂದೆ ಹೋದ. ನನ್ನನ್ನು ಯಾರೂ ಕರೆಯಲಿಲ್ಲ. ಅಂಥದ್ದಕ್ಕೂ ನಾನು ಆಗುವುದಿಲ್ಲ.

ಬಯಲಿನಲ್ಲಿ ಉಳಿದದ್ದು ನಾನು ಮತ್ತು ಆ ಸೊಳ್ಳೆ. ನಾನು ಕುಕ್ಕರಗಾಲಲ್ಲಿ ಕುಳಿತೆ. ಗಂಧ ಒಣಗಿ ಗಟ್ಟಿಯಾಗಿತ್ತು. ಸೆರಗಿನ ತುದಿಗೆ ಉಗುಳು ಹಚ್ಚಿ ತಿಕ್ಕಿದೆ. ಮುಂದಿನವು, ಹಿಂದಿನವು, ಮಗುಚಿ ಹಾಕಿ ಕೆಳಗಿನವು. ಆಮೇಲೆ ಒಣ ಸೆರಗಿನಿಂದ ಮತ್ತೊಮ್ಮೆ. ಬೆನ್ನ ಮೇಲೆ ಇಟ್ಟಿದ್ದ ದೊಡ್ಡ ಬೊಟ್ಟನ್ನು ಹಾಗೇ ಬಿಟ್ಟೆ, ನಿಂತವರಿಗೆ ಕಾಣುವುದು ಅದೇ. ಪಾಪ ಗೀಪ ಏನೂ ಅನ್ನಿಸಲಿಲ್ಲ. ಮೊಣಕಾಲು ನೋಯಿತು.

ಅತ್ತ ಕುಂಬಳಕಾಯಿ ಒಡೆದ ಸದ್ದು ಬಂತು. ಹುಡುಗಿ ಮೊದಲು ಬಂದಳು. ಡ್ರೋನ್ ನೋಡಿದಳು, ನನ್ನನ್ನು ನೋಡಿದಳು. ಮತ್ತೆ ಚಾಲೂ ಮಾಡಿದಳು. ಹಳದಿ ಅಕ್ಷರ ಇರಲಿಲ್ಲ.

"ಆಂಟಿ, ಹಾರಿಸ್ತೇನೆ," ಎಂದಳು.

"ಹಾಂ, ಈಗ ದಾರಿಗೆ ಬಂತು," ಎಂದಳು ಬೀಗತಿ.

ಹಾಗೆಂದು ಹುಡುಗಿ ಕೂಡಲೇ ಹಾರಿಸಲಿಲ್ಲ. ತಾಡಪತ್ರಿಯನ್ನೇ ನೋಡುತ್ತ ನಿಂತಳು. ಬೀಗತಿ ಗೊಣಗಿದಳು, ಕೆಲಸದವರು ನಕ್ಕರು, ಇವಳು ಕದಲಲಿಲ್ಲ. ತಾಡಪತ್ರಿ ಜೋತುಬಿದ್ದು ಹದ್ದುಗಳು ದೂರ ಸರಿದ ಮೇಲೆ ಎಬ್ಬಿಸಿದಳು. ಬಂಡೆಯಿಂದ ದೂರ ಇಟ್ಟುಕೊಂಡು, ಕಣ್ಣಿಗೆ ಕಾಣುವಷ್ಟರಲ್ಲೇ, ಹೋಟೆಲಿನ ಈ ಬದಿಯಿಂದ ಆ ಬದಿಗೆ ಮೆಲ್ಲಗೆ ತಂದಳು. ಪರದೆಯಲ್ಲಿ ನಾವೆಲ್ಲ ಇರುವೆಗಳಾಗಿ ಕಂಡೆವು. ಬೀಗತಿಯ ದೊಡ್ಡ ಹೋಟೆಲು ಬೆಂಕಿಪೊಟ್ಟಣವಾಗಿತ್ತು. ಅದು ನನಗೆ ಹಿಡಿಸಿತು.

"ಸಾಕು ಆಂಟಿ, ಬಂತು. ಇಳಿಸ್ತೇನೆ."

"ಎಂತ ಸಾಕು? ಆ ಮೂಗಿನ ಆಚೆ ನೀರು ಬೀಳ್ತದಲ್ಲ, ಅದನ್ನು ಹಿಡಿ."

"ಅಲ್ಲಿ ಹೋದ್ರೆ ನನಗೆ ಕಾಣುವುದಿಲ್ಲ. ಆಗುವುದಿಲ್ಲ."

"ಆ ನೀರು ಇಲ್ಲದಿದ್ರೆ ನಮ್ಮ ಹೋಟೆಲಿಗೆ ಯಾರು ಬರ್ತಾರೆ? ಕೊಡು ಮಗಾ, ನೀನೇ ಹಾರಿಸು. ಹುಡುಗಿಗೆ ಹೆದರಿಕೆ."

ಆ ಹುಡುಗ ಅಷ್ಟು ಹೊತ್ತು ಗಟ್ಟಿಯಾಗಿ ಬಾಯಿ ಬಿಡದವನು ಈಗ ಕೈ ಚಾಚಿದ. "ದೋ ಮಿನಿಟ್, ಬಸ್" ಎಂದು ರಿಮೋಟನ್ನು ಅವಳ ಕೈಯಿಂದ ಎಳೆದುಕೊಂಡ. ಅವಳು ಬೇಡ ಬೇಡ ಎನ್ನುವಷ್ಟರಲ್ಲಿ ಡ್ರೋನ್ ಮೂಗಿನ ಕಡೆ ಓಡಿತು, ತಿರುಗಿತು, ಬಂಡೆಯ ಹಿಂದೆ ಹೋಯಿತು. ಸದ್ದು ನಿಂತಿತು. ಪರದೆ ಬೂದಿ ಬಣ್ಣಕ್ಕೆ ತಿರುಗಿತು.

ತಾಡಪತ್ರಿ ಮತ್ತೆ ಬಡಿದುಕೊಳ್ಳತೊಡಗಿತು. ಹುಡುಗ ಎರಡೂ ಹೆಬ್ಬೆರಳಿನಿಂದ ಸಿಕ್ಕಸಿಕ್ಕದ್ದನ್ನು ಒತ್ತುತ್ತಿದ್ದ.

"ಛೋಡ್," ಎಂದಳು ಹುಡುಗಿ. "ಕುಛ್ ಮತ್ ದಬಾ." ಏನೂ ಒತ್ತಬೇಡ ಎಂದು ರಿಮೋಟನ್ನು ಕಸಿದುಕೊಂಡಳು. ಒತ್ತಲಿಲ್ಲ. ಮೂಗಿನ ಮೇಲಿನ ಆಕಾಶ ನೋಡುತ್ತ ನಿಂತಳು.

"ಹೋಯ್ತಾ?" ಎಂದಳು ಬೀಗತಿ. ಆ ದನಿಯಲ್ಲಿ ದುಃಖವೇನೂ ಇರಲಿಲ್ಲ.

ಆಗ ಸೊಳ್ಳೆಯ ಸದ್ದು ಕೇಳಿತು. ಅಷ್ಟು ದಿನದಲ್ಲಿ ಆ ಸದ್ದಿಗೆ ನಾನು ಕಿವಿಗೊಟ್ಟದ್ದು ಅದೇ ಮೊದಲು. ಡ್ರೋನ್ ಮೂಗಿಗಿಂತ ಮೇಲೆ, ನೀಲಿಯಲ್ಲಿ ಒಂದು ಚುಕ್ಕೆಯಾಗಿ ಕಂಡಿತು. ಬಂಡೆಯನ್ನು ದಾಟಿ ಬಂತು. ಆದರೆ ಗಾಳಿ ಎದ್ದಿತ್ತು. ಇಳಿಯುತ್ತ ಇಳಿಯುತ್ತ ವಾಲಿಕೊಂಡು ಹೋಟೆಲಿನ ಗೋಡೆಯ ಕಡೆಗೇ ಬಂತು. ಅಲ್ಲಿ ಕೆಲಸದವರು ಹತ್ತಿ ನಿಲ್ಲಲು ಬಿದಿರಿನ ಪರಾಂಚಿ ಕಟ್ಟಿದ್ದರು. ಸಿಕ್ಕಿಕೊಂಡಿತು ಎಂದುಕೊಂಡೆ. ಬಿದಿರಿಗೆ ಕೈಯಳತೆಯಲ್ಲಿ ಅದು ಗಕ್ಕನೆ ನಿಂತುಬಿಟ್ಟಿತು. ನಡುಗುತ್ತ ನಿಂತೇ ಇತ್ತು. ಅಷ್ಟರಲ್ಲಿ ಸಿಗ್ನಲ್ ಸಿಕ್ಕು ಹುಡುಗಿ ಅದನ್ನು ಹಿಂದಕ್ಕೆ ಎಳೆದು, ಬಯಲಿಗೆ ತಂದು, ಚಾಪೆಯ ಮೇಲೆ ಇಳಿಸಿದಳು.

ಮೊದಲು ಅವನ ಹತ್ತಿರ ಹೋದಳು. ಎಲ್ಲರೂ ಕೇಳುವಂತೆ ಹೇಳಿದಳು, "ಫಿರ್ ಹಾಥ್ ಲಗಾಯಾ ನಾ, ಶಾದಿ ಭೂಲ್ ಜಾ." ಇನ್ನೊಮ್ಮೆ ಮುಟ್ಟಿದರೆ ಮದುವೆ ಮರೆತುಬಿಡು ಎಂದು. ಅವನು ತನ್ನ ಚಪ್ಪಲಿ ನೋಡಿದ.

ಬೀಗತಿಗೆ ಅದು ಕೇಳಿಸಲೇ ಇಲ್ಲ. ಕೆಲಸದವರ ಕಡೆ ಎರಡೂ ಕೈ ಎತ್ತಿ ಸಾರುತ್ತಿದ್ದಳು. "ನೋಡಿದ್ರಾ? ಕಣ್ಣಿಗೆ ಹಾಕಿದ ಕುಂಕುಮ! ಗೋಡೆಯ ಮುಂದೆ ಬಂದು ಹೇಗೆ ನಿಂತಿತು ನೋಡಿದ್ರಾ? ಯಾರಾದ್ರೂ ಕೈ ಹಿಡಿದು ನಿಲ್ಲಿಸಿದ ಹಾಗೆ!"

ನನ್ನ ನಾಲಿಗೆ ತುದಿಗೆ ಬಂತು. ಹುಡುಗಿ ನನ್ನ ಕಡೆ ಒಂದು ನೋಟ ಹಾಕಿದಳು. ನುಂಗಿಕೊಂಡೆ. ಜೀವಮಾನದಲ್ಲಿ ಅಷ್ಟು ಕಹಿಯಾದದ್ದನ್ನು ನುಂಗಿಲ್ಲ, ಕಷಾಯ ಕೂಡ.

"ಹಾರಿಸ್ಲಿ," ಎಂದಳು ಬೀಗತಿ ದೊಡ್ಡ ಮನಸ್ಸು ಮಾಡಿ. "ಮದುವೆ ಆದ ಮೇಲೂ ಹಾರಿಸ್ಲಿ. ಆದ್ರೆ ಪ್ರತಿ ಸಲ ನಾನೇ ಕುಂಕುಮ ಹಾಕಿ ಕಳಿಸುವುದು."

"ಚೀಲಕ್ಕೆ ಹಾಕಿ ಆಂಟಿ," ಎಂದಳು ಹುಡುಗಿ. "ಚೀಲಕ್ಕೆ ಎಷ್ಟು ಬೇಕಾದ್ರೂ ಹಾಕಿ."

ಟೆಂಪೋ ಹತ್ತುವಾಗ ಬೀಗತಿ ನನ್ನ ಹಿಂದೆ ಇದ್ದಳು. ನಾನು ಉಟ್ಟದ್ದು ತೆಳು ಹಸಿರು ಸೀರೆ.

"ನಿಮ್ಮ ಸೆರಗಿನಲ್ಲಿ ಎಂತದು ಕೆಂಪು?"

ನಾನು ತಿರುಗಿದೆ. ಸೆರಗಿನ ತುದಿಯಲ್ಲಿ ಅಂಗೈಯಷ್ಟು ಅಗಲ, ಗಂಧ ಕುಂಕುಮ ಕಲಸಿದ ಕಲೆ. ಅವಳು ಅದನ್ನು ನೋಡಿದಳು. ಆಮೇಲೆ ಹುಡುಗಿಯ ಕೈಯಲ್ಲಿದ್ದ ಡ್ರೋನನ್ನು ನೋಡಿದಳು, ಈ ಸಲ ಸರಿಯಾಗಿ. ಕಣ್ಣುಗಳು ಕರ್ರಗೆ ತೊಳೆದಂತೆ ಹೊಳೆಯುತ್ತಿದ್ದವು.

"ಕುಂಬಳಕಾಯಿ ಒಡದಾಗ ಸಿಡದಿರ್ಬೇಕ್ರಿ," ಎಂದೆ.

"ನೀವು ಅಲ್ಲಿಗೆ ಬರ್ಲೇ ಇಲ್ಲ."

"ಗಾಳಿ ಅದ ನೋಡ್ರಿ."

ಕೆಲಸದವರು ಅಲ್ಲೇ ನಿಂತಿದ್ದರು. ಅವರ ಮುಂದೆ ಈಗಷ್ಟೇ ಸಾರಿದ್ದಳು. ಮಗನೂ ಇದ್ದ. ನಾನು ಒರೆಸಿದೆ ಎಂದು ಅವಳು ಬಾಯಿ ಬಿಟ್ಟರೆ ಗೋಡೆಯ ಮುಂದೆ ನಿಲ್ಲಿಸಿದ್ದು ಕುಂಕುಮವಲ್ಲ ಎಂದಾಗುತ್ತದೆ. ನಾನು ಬಾಯಿ ಬಿಟ್ಟರೆ ಚೀಲ ಅಟ್ಟಕ್ಕೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ನಾನೂ ನೋಡಿದೆ.

"ಹೌದು," ಎಂದಳು ಕೊನೆಗೆ. "ಗಾಳಿ ಜೋರುಂಟು."

ನೌಪಾಡಾ ಬರುವ ತನಕ ಇಬ್ಬರೂ ತುಟಿ ಬಿಚ್ಚಲಿಲ್ಲ. ಅಡುಗೆಮನೆಯ ಸುದ್ದಿ ಕೇಳುವುದಕ್ಕಿಂತ ಅದು ವಾಸಿ.

ಮದುವೆ ಆಯಿತು. ಹುಡುಗಿ ಹಾರಿಸುತ್ತಾಳೆ. ಚೀಲ ನೌಪಾಡಾದ ಮನೆಯಲ್ಲಿ ಬಾಗಿಲ ಹಿಂದಿನ ಮೊಳೆಗೆ ತೂಗುತ್ತದೆ, ಅಟ್ಟದಲ್ಲಲ್ಲ. ಕುಂಕುಮ ಹಾಕಿ ಹಾಕಿ ಅದರ ಕರಿ ಬಟ್ಟೆ ಕೆಂಪಾಗಿದೆ. ಗಂಡ ಅದನ್ನು ಹೊತ್ತುಕೊಂಡು ಹಿಂದೆ ಹೋಗುತ್ತಾನೆ, ರಿಮೋಟ್ ಮುಟ್ಟುವುದಿಲ್ಲ. ಬೀಗತಿ ಇನ್ನೂ ಗಲ್ಲೆಯಲ್ಲೇ ಕುಳಿತಿದ್ದಾಳೆ, ಸೊಂಟ ನೋವಂತೆ. ಬಂದವರಿಗೆಲ್ಲ ಕುಂಕುಮದ ಕಥೆ ಹೇಳುತ್ತಾಳೆ. ನಾನಿದ್ದರೆ ಹೇಳುವುದಿಲ್ಲ.

ಮುಂದಿನ ಆಯುಧಪೂಜೆಗೂ ಕರೆದಳು, ಹೋದೆ. ಗ್ರೈಂಡರಿನ ಪಕ್ಕದಲ್ಲಿ ಬಾಳೆಲೆಯ ಮೇಲೆ ಡ್ರೋನ್ ಇತ್ತು. ಅವಳು ಬಟ್ಟಲು ಹಿಡಿದು ಅದರ ಮುಂದೆ ಕುಳಿತಳು. ಬೆರಳಿಗೆ ಗಂಧ ತೆಗೆದುಕೊಂಡಳು. ಮುಂದಿನ ಕಣ್ಣಿನ ತನಕ ಬೆರಳು ಹೋಯಿತು, ಅಲ್ಲಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಬೆನ್ನ ಮೇಲೆ ಒಂದು ಬೊಟ್ಟು ಇಟ್ಟು ಎದ್ದಳು. ತಟ್ಟೆ ಹಿಡಿದು ಬಂದಾಗ ನನ್ನ ಮುಂದೆ ನಿಲ್ಲಲಿಲ್ಲ. ಎತ್ತಿಯೂ ಹಿಡಿಯಲಿಲ್ಲ.

ಅವಳು ಕಣ್ಣಿಗೆ ಹಾಕಿದ್ದರೂ ನನಗೆ ಚಿಂತೆ ಇರಲಿಲ್ಲ. ಆ ದಿನ ನಾನು ಬೇಕೆಂದೇ ಕೆಂಪು ಸೀರೆ ಉಟ್ಟು ಹೋಗಿದ್ದೆ.